ಏಳನೆಯ ಇಗರ್ಜಿಯ ದೋಣಿ

ಮೊನ್ನೆ, ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ, ಚಂದ್ರಗಿರಿ ಹೊಳೆಯ ಆಚೆಗಿನ ಹಳೆಯ ಇಗರ್ಜಿಯೊಳಗೆ ಕಾಲಿಟ್ಟ ಕೂಡಲೇ ನಾನು ಕತ್ತೆತ್ತಿ ಮೇಲಿನ ಮಾಡು ನೋಡಿದೆ. ಮಾಡಿನಿಂದ ದೋಣಿ ನೇತಾಡುತ್ತಿರಲಿಲ್ಲ. ನೇತಾಡುವುದಿಲ್ಲವೆಂದು ನನಗೆ ಗೊತ್ತಿತ್ತು, ಯಾಕೆಂದರೆ ಆ ದೋಣಿಯನ್ನು ಅಲ್ಲಿ ಕಟ್ಟಿದವನು ನಾನೇ. ಹಗ್ಗದಿಂದಲ್ಲ, ಮಾತಿನಿಂದ. ಹನ್ನೆರಡು ವರ್ಷದ ಹಿಂದೆ, ಆ ಇಗರ್ಜಿಯನ್ನು ಕಣ್ಣಿನಿಂದ ನೋಡದೆಯೇ ಕಟ್ಟಿದ್ದೆ. ಆದರೂ ಒಮ್ಮೆ ನೋಡಿಬಿಡುವ ಎಂದು ಕಂಡಿತು.

ಹೋದದ್ದು ಒಂದು ಮದುವೆಗೆ. ಹಿಂದೆ ನನ್ನ ಜೀಪಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದ ಹುಡುಗಿಯ ಮದುವೆ. ಮೇಣದಬತ್ತಿ, ಧೂಪ, ಬಾಗಿಲ ಬಳಿ ಒರಗಿಸಿಟ್ಟ ಒದ್ದೆ ಕೊಡೆಗಳು, ಈ ಮೂರೂ ಸೇರಿದ ಒಂದು ವಾಸನೆ ಉಂಟು. ಆ ವಾಸನೆ ಮೂಗಿಗೆ ಬಡಿದರೆ ನನಗೆ ಎರಡು ಸಾವಿರದ ಏಳರ ಮಳೆಗಾಲ ನೆನಪಾಗುತ್ತದೆ. ಆ ಮಳೆಗಾಲದಲ್ಲಿ ನಾನು, ಮೂರು ಹೊತ್ತು ಭೂತಕ್ಕೆ ಕೈಮುಗಿಯುವ ಮಾಧವ, ಈ ಜಿಲ್ಲೆಯ ಹಳೆಯ ಇಗರ್ಜಿಗಳನ್ನೆಲ್ಲ ಸುತ್ತಿದೆ. ಪೋಪರು ಬಂದರೂ ನನ್ನಷ್ಟು ಸುತ್ತಲಿಕ್ಕಿಲ್ಲ.

ವರ್ಕಾಡಿಯಿಂದ ಮಂಜೇಶ್ವರಕ್ಕೆ ಮೂವತ್ತೊಂದು ವರ್ಷ ಜೀಪು ಓಡಿಸಿದವನು ನಾನು. ಹತ್ತು ಜನರ ಜೀಪಿನಲ್ಲಿ ಇಪ್ಪತ್ತಮೂರು ಜನರನ್ನು ಕೂರಿಸಿ, ಇಪ್ಪತ್ತನಾಲ್ಕನೆಯವನಿಗೆ ಜಾಗ ಉಂಟು ಬನ್ನಿ ಎಂದು ಕರೆದವನು. ತುಳು, ಕನ್ನಡ, ಕೊಂಕಣಿ, ಮಲಯಾಳ, ಬ್ಯಾರಿ, ಐದೂ ಭಾಷೆಯಲ್ಲಿ ಸುಳ್ಳು ಹೇಳಬಲ್ಲೆ. ಕೇರಳದ ಗಡಿ ದಾಟಿ ತಲಪಾಡಿ ಕಡೆಗೆ ಬಾಡಿಗೆ ಹೋಗುವಾಗ ಹೊಸಬರು ಯಾರಾದರೂ ಸಿಕ್ಕರೆ, "ಕರ್ನಾಟಕದಲ್ಲಿ ಟೈಮು ಐದು ನಿಮಿಷ ಹಿಂದೆ, ವಾಚು ಸರಿ ಮಾಡಿಕೊಳ್ಳಿ" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಒಬ್ಬ ಬ್ಯಾಂಕಿನ ಮೆನೇಜರರು ಹಿಂದೆ ಬರುವಾಗ ಪುನಃ ಮುಂದೆ ಇಟ್ಟುಕೊಂಡರು. ಅಂಥವನಿಗೆ ಟೋಪಿ ಹಾಕಿದ ಮನುಷ್ಯ ಈ ಭೂಮಿಯಲ್ಲಿ ಒಬ್ಬರೇ. ಅವರೇ ಸೆರಾಫಿನ್ ಬಾಯಿ.

ಬಾಯಿ ಎಂದರೆ ನಮ್ಮಲ್ಲಿ ಕ್ರಿಸ್ತುವ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಅವರ ಸ್ವಂತ ತಮ್ಮ ಲಿಗೋರಿಯೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದ. ಗಂಡಸರಿಗೆ ನಾವು ಪೊರ್ಬುಗಳೇ ಎನ್ನುತ್ತೇವೆ. ಸೆರಾಫಿನ್ ಬಾಯಿ ಮದುವೆಯಾಗಲಿಲ್ಲ. ತಮ್ಮನ ಮನೆಯ ಚಾವಡಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ನಲವತ್ತು ವರ್ಷ ಊರಿಗೆಲ್ಲ ಹೊಲಿದರು. ನನ್ನ ಮದುವೆಯ ಅಂಗಿಯನ್ನು ಹೊಲಿದದ್ದೂ ಅವರೇ. ಅದರ ಹಿಂದಿನ ವಾರ ನಾನು ಅವರ ಕತ್ತರಿಯನ್ನು ಅಡಗಿಸಿ ಇಡೀ ದಿನ ಹುಡುಕಿಸಿದ್ದೆ. ಅವರು ಒಂದು ಮಾತೂ ಆಡಲಿಲ್ಲ. ಮದುವೆಯ ಚಪ್ಪರದಲ್ಲಿ ಕರವಸ್ತ್ರ ಇಟ್ಟುಕೊಳ್ಳುವ ಎಂದು ನೋಡಿದರೆ ಅಂಗಿಯ ಜೇಬಿನ ಬಾಯಿ ಹೊಲಿದು ಮುಚ್ಚಿತ್ತು, ಅದೂ ಒಳಗಿನಿಂದ, ಎರಡು ಸಾಲು.

ಆ ವರ್ಷ ಅವರಿಗೆ ಅರುವತ್ತೆಂಟು. ಕಣ್ಣಿನ ಒತ್ತಡದಿಂದ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಿಕ್ಕಾಗುವುದಿಲ್ಲ ಎಂದು ಮಂಗಳೂರಿನ ಡಾಕ್ಟ್ರು ಹೇಳಿ, ಹನಿ ಮದ್ದು ಕೊಟ್ಟಿದ್ದರು. ಸುತ್ತ ಎಲ್ಲ ಮುಚ್ಚಿ ನಡುವೆ ಮಾತ್ರ ಕಾಣುತ್ತಿತ್ತಂತೆ. "ಕೊಳವೆಯಲ್ಲಿ ಇಣುಕಿದ ಹಾಗೆ ಮಾಧವ. ನಿನ್ನ ಮೂಗು ಕಾಣ್ತದೆ. ಮುಖ ಇಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು" ಎಂದಿದ್ದರು. ನಾವು ಮಾತಾಡುವುದು ತುಳುವಿನಲ್ಲಿ, ಓದುವವರಿಗೆ ಬೇಕಾಗಿ ಇಲ್ಲಿ ಕನ್ನಡ ಮಾಡಿದ್ದೇನೆ.

ಎಪ್ರಿಲಿನಲ್ಲಿ ಊರಿನ ಇಗರ್ಜಿಯವರು ಒಂದು ಬಸ್ಸು ಮಾಡಿಕೊಂಡು ಏಳು ಹಳೆಯ ಇಗರ್ಜಿಗಳ ಪ್ರವಾಸ ಹೋಗಿ ಬಂದರು. ಬಸ್ಸಿನ ಸೀಟುಗಳ ಉಸ್ತುವಾರಿ ಲಿಗೋರಿಯದ್ದು. ಬಾಯಿ ಬರುತ್ತೇನೆಂದಾಗ ಅವನು, "ನೀನು ಬಂದು ಎಂತ ನೋಡುವುದು ಬಾಯಿ? ಸುಮ್ಮನೆ ಒಂದು ಸೀಟು" ಎಂದುಬಿಟ್ಟ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನ ಮನಸ್ಸಿನಿಂದ ನಾಲಿಗೆಗೆ ನೇರ ರಸ್ತೆ, ನಡುವೆ ಒಂದು ಹಂಪು ಸಹ ಇಲ್ಲ. ಬಂದ ಮೇಲೆ ಮೇ ತಿಂಗಳಿಡೀ ಆ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಒಂದನೆಯದು ಹೀಗಿತ್ತು, ಮೂರನೆಯದು ಹಾಗಿತ್ತು. ಬಾಯಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ಜೂನ್ ಮೊದಲ ವಾರ ಅವರು ಗೇಟಿನ ಬಳಿ ಕೊಡೆ ಹಿಡಿದು ನಿಂತು ನನ್ನ ಜೀಪಿಗೆ ಕೈ ಅಡ್ಡ ಹಿಡಿದರು.

"ಮಾಧವ, ನಿನಗೆ ಯಾವ ದಿನ ಬಾಡಿಗೆ ಕಡಿಮೆ?"

"ಬುಧವಾರ."

"ಬುಧವಾರಕ್ಕೆ ಒಂದರ ಹಾಗೆ ಏಳು ಇಗರ್ಜಿ ತೋರಿಸ್ಬೇಕು. ಮೊಂತಿ ಹಬ್ಬದ ಮೊದಲು ಮುಗೀಬೇಕು."

"ಹರಕೆಯಾ ಬಾಯಿ?"

"ಹರಕೆ ಅಲ್ಲ, ಎಂತದ್ದೂ ಅಲ್ಲ. ಪ್ರಾರ್ಥನೆಗೆ ನಮ್ಮ ಊರಿನ ಇಗರ್ಜಿ ಉಂಟು. ಇದು ನೋಡ್ಲಿಕ್ಕೆ. ನಾನು ಟೂರಿಸ್ಟ್." ಸ್ವಲ್ಪ ತಡೆದು ಹೇಳಿದರು, "ಮೊಂತಿಯ ಊಟಕ್ಕೆ ಕೂತಾಗ ನಾನೂ ಏಳು ಹೇಳ್ಬೇಕು. ಲಿಗೋರಿ ಎದುರು. ಕಣ್ಣು ಅಷ್ಟರ ತನಕ ಇದ್ದರೆ ಸಾಕು, ಮತ್ತೆ ಬೇಕಾದ್ದು ಆಗ್ಲಿ."

ಮೊಂತಿ ಹಬ್ಬ ಅವರಿಗೆ ಮಾತೆ ಮರಿಯಮ್ಮ ಹುಟ್ಟಿದ ದಿನ, ಹೊಸ ತೆನೆಯ ಊಟ. ಸೆಪ್ಟೆಂಬರ್ ಎಂಟಕ್ಕೆ. ಅದಕ್ಕೆ ಮೂರು ತಿಂಗಳಿತ್ತು. ಆಗಬಹುದು ಎಂದೆ.

ಮೊದಲನೆಯದು ಮಂಜೇಶ್ವರದ ಒಳಗೆ, ತೆಂಗಿನ ತೋಟದ ನಡುವೆ. ನಾನು ನನ್ನ ಅಭ್ಯಾಸದಂತೆ ಚಪ್ಪಲಿ ಹೊರಗೆ ಬಿಟ್ಟೆ. ಬಾಯಿಯೂ ಬಗ್ಗಿದಾಗ ತಡೆದೆ, "ನಿಮ್ಮವರದ್ದರಲ್ಲಿ ಚಪ್ಪಲಿ ನಡೆಯುತ್ತದೆ ಅಲ್ಲವಾ? ನೀವು ಹಾಕಿಕೊಳ್ಳಿ. ನಾನು ಹೊರಗಿನವ, ನನ್ನದು ನನಗೆ." ಒಳಗೆ ಹೋಗಿ ಅವರನ್ನು ನಡುವೆ ನಿಲ್ಲಿಸಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೋವಿ ಗುರಿ ಹಿಡಿದ ಹಾಗೆ ತಿರುಗಿಸಿದೆ. ಎಡಕ್ಕೆ ಒಂದು ದೇವದೂತ, ಸ್ವಲ್ಪ ಕೆಳಗೆ ಬಾಗಿಸಿದರೆ ಅವನ ಕಾಲು, ಕಾಲಿನ ಕೆಳಗೆ ಚಿನ್ನದ ಬಣ್ಣದ ಬಳ್ಳಿ. ಹೀಗೆ ತುಂಡು ತುಂಡಾಗಿ ಒಂದು ಬಲಿಪೀಠ ನೋಡಿ ಮುಗಿಯುವಾಗ ಒಂದೂವರೆ ಗಂಟೆ. ಬಸ್ಸಿನವರು ಏಳನ್ನು ಒಂದೇ ದಿನ ನೋಡಿದ್ದರು. ಅವರು ಎಷ್ಟು ನೋಡಿದರೆಂದು ನನಗೆ ಆಗ ಅಂದಾಜಾಯಿತು.

ಎರಡನೆಯದು ಉಪ್ಪಳದ ರೈಲು ಹಳಿಯ ಹತ್ತಿರ. ರೈಲು ಹೋಗುವಾಗ ಬಣ್ಣದ ಗಾಜಿನ ಕಿಟಕಿಗಳು ಗಿರಗಿರ ನಡುಗುತ್ತವೆ. ಮಳೆ ಬಿಟ್ಟು ಒಂದು ಹತ್ತು ನಿಮಿಷ ಬಿಸಿಲು ಬಂದಾಗ ಕೆಂಪು ನೀಲಿ ಬೆಳಕು ನೆಲಕ್ಕೆ ಬಿತ್ತು. ಬಾಯಿ ಸೆರಗನ್ನು ಆ ಬೆಳಕಿನಲ್ಲಿ ಹಿಡಿದು, "ಈ ಬಣ್ಣದ ಬಟ್ಟೆ ನನಗೆ ಯಾವತ್ತೂ ಸಿಗಲಿಲ್ಲ" ಎಂದರು.

ಮೂರನೆಯದಕ್ಕೆ ಬೀಗ. ಪಾದ್ರಿಗಳು ಎಲ್ಲಿಗೋ ಹೋಗಿದ್ದರು. ನಾನು ಹಿಂದೆ ಹೋಗುವ ಎಂದೆ. ಬಾಯಿ ದೊಡ್ಡ ಬಾಗಿಲಿನ ಬೀಗದ ತೂತಿಗೆ ಕಣ್ಣಿಟ್ಟು ಕಾಲು ಗಂಟೆ ನಿಂತರು. "ಇದು ನನ್ನ ಕಣ್ಣಿಗೆ ಅಳತೆ ತೆಗೆದು ಮಾಡಿದ ಹಾಗೆ ಉಂಟು ಮಾಧವ. ಈಗ ನೀನು ನೋಡು. ನನಗೆ ಹೇಗೆ ಕಾಣ್ತದೆ ಅಂತ ಗೊತ್ತಾಗ್ತದೆ." ನೋಡಿದೆ. ಒಂದು ಮೇಣದಬತ್ತಿ, ಅದರ ಹಿಂದೆ ಯಾರದ್ದೋ ಬಿಳಿ ಕೈ, ಅಷ್ಟೇ.

ನಾಲ್ಕನೆಯದು ಕುಂಬಳೆಯಿಂದ ಒಳಗೆ, ಗುಡ್ಡೆಯ ಮೇಲಿನ ಕೆಂಪು ಕಲ್ಲಿನದ್ದು. ಎಲ್ಲಕ್ಕಿಂತ ಹಳತು ಎಂದು ಲಿಗೋರಿ ಹೇಳಿದ್ದ. ಬಲಿಪೀಠದ ಎದುರು ನೆಲದಲ್ಲಿಯೇ ಒಂದು ಸಮಾಧಿ ಕಲ್ಲು. ಗೋವೆಯ ಕಡೆಯಿಂದ ಬಂದ ಯಾರೋ ದೊಡ್ಡವರದ್ದು. ಅಕ್ಷರ ನನಗೆ ಗೊತ್ತಿರುವ ಯಾವ ಲಿಪಿಯದ್ದೂ ಅಲ್ಲ. ಬಾಯಿ ನೆಲದ ಮೇಲೆ ಕೂತು, ಕಲ್ಲಿನ ಮೇಲೆ ಬೆರಳು ಓಡಿಸಿದರು. ಒಂದು ಶಿಲುಬೆ, ಅದರ ಕೆಳಗೆ ಕೆತ್ತಿದ ತಲೆಬುರುಡೆ, ಬಲಗಡೆಯ ಮೂಲೆ ಒಡೆದು ಹೋಗಿ ತಗ್ಗು.

"ಎಂತ ಬರೆದಿದ್ದಾರೆ?"

"ಇಲ್ಲಿ ಒಬ್ಬ ಸಾಹುಕಾರ ಮಲಗಿದ್ದಾನೆ, ಎಬ್ಬಿಸಬೇಡಿ ಅಂತ."

"ಅಷ್ಟು ಉದ್ದಕ್ಕೆ ಬರೆದದ್ದು ಇಷ್ಟೇಯಾ?"

"ಉಳಿದದ್ದು ಅವನ ಬೀಗರ ಹೆಸರು ಬಾಯಿ."

ಜುಲೈಯಲ್ಲಿ ಮಳೆ ಬಿಡಲೇ ಇಲ್ಲ. ಎರಡು ಬುಧವಾರ ರಸ್ತೆಯೇ ಕಾಣಲಿಲ್ಲ, ಒಂದು ಬುಧವಾರ ಜೀಪು ಗ್ಯಾರೇಜಿನಲ್ಲಿ. ಐದನೆಯದನ್ನು ನೋಡುವಾಗ ಬಾಯಿಯ ಕೊಳವೆ ಸಣ್ಣದಾಗಿತ್ತು. ಆರನೆಯದರಲ್ಲಿ, ಆಗಸ್ಟಿನ ನಡುವೆ, ಅವರು ಒಂದು ಬಿಳಿ ಕಂಬಕ್ಕೆ ಕೈಮುಗಿದು "ನಮಸ್ಕಾರ ಫಾದರ್" ಎಂದರು. ಕಂಬದ ಹಿಂದಿದ್ದ ನಾನು ಪಾದ್ರಿಗಳ ಗಂಟಲಿನಲ್ಲಿ, "ದೇವರು ಒಳ್ಳೆಯದು ಮಾಡಲಿ ಮಗಳೇ" ಎಂದೆ. ಅವರಿಗೆ ಅರ್ಧ ನಿಮಿಷ ಬೇಕಾಯಿತು. ಆಮೇಲೆ ಕೊಡೆಯಿಂದ ಬಡಿದರು. ಕೊಡೆ ತಾಗಿದ್ದು ಕಂಬಕ್ಕೆ. ನಾನು ನಕ್ಕೆ, ಅವರೂ ನಕ್ಕರು, ಆದರೆ ನಗು ಮುಗಿದ ಮೇಲೆ ಅವರು ಆ ಕಂಬವನ್ನು ಮುಟ್ಟಿ ಮುಟ್ಟಿ ನೋಡಿದರು.

"ಏಳನೆಯದು ಬೇಗ ಆಗ್ಬೇಕು ಮಾಧವ" ಎಂದರು.

ಏಳನೆಯದು ಹೊಳೆ ಆಚೆಯದ್ದು. ಚಂದ್ರಗಿರಿ ದಾಟಿದರೆ ನಮ್ಮ ಕೊಂಕಣಿ ಮುಗಿದು ಮಲಯಾಳದ ಇಗರ್ಜಿ ಶುರು. ಅಲ್ಲಿಯವರು ಚಪ್ಪಲಿ ಹೊರಗೆ ಬಿಡುತ್ತಾರೆ, ಹೆಂಗಸರು ಗಂಡಸರು ಬೇರೆ ಬೇರೆ ಕೂರುತ್ತಾರೆ ಎಂದೆಲ್ಲ ನನಗೆ ಕೇಳಿ ಗೊತ್ತಿತ್ತು, ನೋಡಿ ಅಲ್ಲ. ಆಗಸ್ಟಿನ ಕೊನೆಯ ಬುಧವಾರ ಹೊರಟೆವು. ಮರುದಿನದಿಂದ ಮೊಂತಿಯ ಒಂಬತ್ತು ದಿನದ ಪ್ರಾರ್ಥನೆ ಶುರುವಾಗುವುದಿತ್ತು. ಅದನ್ನು ಬಿಟ್ಟು ಬಾಯಿ ಎಲ್ಲಿಗೂ ಬರುವವರಲ್ಲ. ಅದೇ ಕೊನೆಯ ಬುಧವಾರ.

ನಮ್ಮ ಊರಿನವರು ಮಾತ್ರ ಮಾಡುವ ಒಂದು ತಪ್ಪು ಉಂಟು. ಮನೆಗೆ ಬರುವುದು ಮಂಗಳೂರಿನ ಪೇಪರು, ಟಿ.ವಿ.ಯಲ್ಲಿ ನೋಡುವುದು ಕರ್ನಾಟಕದ ವಾರ್ತೆ, ಇರುವುದು ಕೇರಳದಲ್ಲಿ. ಹಿಂದಿನ ಸಂಜೆ ಕೇರಳದಲ್ಲಿ ಹರತಾಳ ಘೋಷಣೆಯಾದದ್ದು ನನಗೆ ಗೊತ್ತೇ ಇರಲಿಲ್ಲ. ಉಪ್ಪಳದಲ್ಲಿ ಅಂಗಡಿಗಳು ಮುಚ್ಚಿದ್ದನ್ನು ನೋಡಿ, ಮಳೆಗೆ ಬೇಗ ಎದ್ದಿಲ್ಲ ಎಂದುಕೊಂಡೆ. ಕುಂಬಳೆ ದಾಟಿದ ಮೇಲೆ ಹತ್ತು ಹದಿನೈದು ಜನ ರಸ್ತೆಗೆ ಅಡ್ಡ ನಿಂತಿದ್ದರು.

"ಎಂಗೋಟ್ಟಾ?" ಎಲ್ಲಿಗೆ ಎಂದು ಒಬ್ಬ ಕೇಳಿದ.

ನಾನು ಮಲಯಾಳದಲ್ಲಿ, ಹಿಂದೆ ಕೂತವರಿಗೆ ಕಣ್ಣಿನ ಕಾಯಿಲೆ, ಅರ್ಜೆಂಟು ಎಂದೆ. ಆಸ್ಪತ್ರೆಗಾದರೆ ಹೋಗಿ ಎಂದು ಅವರು ದಾರಿ ಬಿಡುವುದರಲ್ಲಿದ್ದರು. ಬಾಯಿ ಹಿಂದಿನಿಂದ ತಲೆ ಹೊರಗೆ ಹಾಕಿ, "ಆಸ್ಪತ್ರೆಗೆ ಅಲ್ಲ ಮಕ್ಕಳೇ, ಇಗರ್ಜಿ ನೋಡ್ಲಿಕ್ಕೆ. ನಾನು ಟೂರಿಸ್ಟ್" ಎಂದರು. ಸತ್ಯ ಹೇಳುವವರನ್ನು ಜೀಪಿನಲ್ಲಿ ಕೂರಿಸಬಾರದು. ತಿರುಗಿಸು ಎಂದರು, ತಿರುಗಿಸಿದೆ.

"ಈಗ ಎಂತ ಮಾಡುವುದು?"

"ಒಳದಾರಿ ಉಂಟು ಬಾಯಿ. ನನಗೆ ಗೊತ್ತಿಲ್ಲದ ದಾರಿ ಈ ಜಿಲ್ಲೆಯಲ್ಲಿ ಇಲ್ಲ."

ಅದು ಸುಳ್ಳಲ್ಲ. ಆದರೆ ನನಗೆ ಗೊತ್ತಿದ್ದ ದಾರಿಗಳು ಹರತಾಳದವರಿಗೂ ಗೊತ್ತಿದ್ದವು. ಒಂದು ಕಡೆ ಮರದ ಗೆಲ್ಲು ಅಡ್ಡ, ಒಂದು ಕಡೆ ಕಲ್ಲು. ಮೂರನೆಯ ಕಡೆ ತಡೆದವನು ನನ್ನ ಪರಿಚಯದವನೇ, ಚಾ ಕೊಡಿಸಿ ಹಿಂದೆ ಕಳುಹಿಸಿದ. ಬಾಯಿಗೆ ಆ ವಾರ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಕಾಣುತ್ತಿತ್ತು. ಸರಳನ್ನು ಹಿಡಿದು, ಒಳ್ಳೆಯ ಸೀರೆ ಉಟ್ಟು, ಮಳೆಯ ಕಡೆ ಮುಖ ಮಾಡಿ ಕೂತಿದ್ದರು. ಅಷ್ಟರಲ್ಲಿ ನಾಲ್ಕನೆಯ ಇಗರ್ಜಿಯ ಗುಡ್ಡೆ ಎದುರಿಗೆ ಬಂತು. ನಾನು ಕರೆಯಲಿಲ್ಲ, ಅದೇ ಬಂತು.

ಪಾಪ ಎಂದು ಕಂಡದ್ದು ಹೌದು. ಆದರೆ ಅದು ಪೂರ್ತಿ ಸತ್ಯ ಅಲ್ಲ. ಒಂದು ಇಗರ್ಜಿಯನ್ನು ಇನ್ನೊಂದು ಇಗರ್ಜಿ ಮಾಡಿ ತೋರಿಸಲು ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಕುತೂಹಲವೂ ಇತ್ತು. ಬ್ಯಾಂಕಿನ ಮೆನೇಜರರ ವಾಚಿನ ನಂತರ ನಾನು ದೊಡ್ಡದೇನೂ ಮಾಡಿರಲಿಲ್ಲ.

ಮೊದಲು ಒಂದು ಗಂಟೆ ಸುಮ್ಮನೆ ಸುತ್ತಿದೆ. ಒಂದು ತೋಡಿನ ಮೋರಿಯ ಮೇಲೆ ಹೋಗುವಾಗ ನೀರಿನ ಸದ್ದು ಕೇಳಿತು.

"ಹೊಳೆಯಾ?"

"ಹೊಳೆಯೇ. ಚಂದ್ರಗಿರಿ."

"ಇಷ್ಟು ಬೇಗ ಮುಗಿಯಿತಾ?"

"ನಾನು ಜೋರು ಓಡಿಸಿದೆ."

ಆಮೇಲೆ ಗುಡ್ಡೆಯ ಹಿಂದಿನ ದಾರಿಯಿಂದ ಹತ್ತಿಸಿ, ಮುಂಬಾಗಿಲು ಬಿಟ್ಟು ಬದಿಯ ಬಾಗಿಲಿಗೆ ಜೀಪು ತಾಗಿಸಿದೆ. ಹರತಾಳವಾದ್ದರಿಂದ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಯಿಯನ್ನು ಇಳಿಸಿ, ನಾನು ನಾಲ್ಕು ಹೆಜ್ಜೆ ದೂರ ಹೋಗಿ, ಗಂಟಲು ಬದಲಿಸಿದೆ. "ವರೂ ಅಮ್ಮಚ್ಚೀ, ವರೂ. ಚೆರಿಪ್ಪ್ ಇವಿಡೆ ಊರಿ ವೆಕ್ಕಣಂ." ಓಡಿ ಬಂದು ನನ್ನ ಸ್ವಂತ ಸ್ವರದಲ್ಲಿ, "ಗಂಟೆ ಹೊಡೆಯುವವ ಬಾಯಿ. ಒಳ್ಳೆಯ ಜನ. ಚಪ್ಪಲಿ ಇಲ್ಲಿ ಬಿಡಬೇಕಂತೆ" ಎಂದೆ. ಪುನಃ ಆ ಕಡೆ ಹೋಗಿ ಮಲಯಾಳದಲ್ಲಿ ಕೆಮ್ಮಿದೆ. ಚಪ್ಪಲಿಯ ವಿಷಯ ನೆನಪಿಟ್ಟದ್ದಕ್ಕೆ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಅಷ್ಟು ಸೂಕ್ಷ್ಮ ಬೇರೆ ಯಾರಿಗೂ ಹೊಳೆಯಲಿಕ್ಕಿಲ್ಲ.

ಬಾಯಿ ಬರಿಗಾಲಿನಲ್ಲಿ ನನ್ನ ಕೈ ಹಿಡಿದು ಒಳಗೆ ಬಂದರು. ಬಲಿಪೀಠದ ಎದುರು ನಿಂತರು. ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ಇಟ್ಟು, ಮತ್ತೆ ಅಲ್ಲಾಡದೆ ನಿಂತರು. ಪ್ರಾರ್ಥನೆ ಇರಬೇಕು ಎಂದು ನಾನು ಸುಮ್ಮನಿದ್ದೆ.

"ನೆಲ ತಂಪು ಉಂಟು" ಎಂದರು ಕೊನೆಗೆ. "ಹೇಳು ಮಾಧವ, ಎಂತೆಂತ ಉಂಟು? ಒಂದೂ ಬಿಡಬೇಡ."

ನಾನು ಬಿಡಲಿಲ್ಲ. ಅಷ್ಟು ಒಳ್ಳೆಯ ಇಗರ್ಜಿಯನ್ನು ಯಾವ ಮೇಸ್ತ್ರಿಯೂ ಕಟ್ಟಿರಲಿಕ್ಕಿಲ್ಲ. ಗೋಡೆಗೆ ಕಡಲಿನ ಚಿತ್ರ ಬರೆದೆ. ಹದಿನಾಲ್ಕು ಮೆಟ್ಟಿಲಿನ ಪ್ರವಚನದ ಮಂಟಪ ಎಬ್ಬಿಸಿದೆ. ಮಾಡಿನಲ್ಲಿ ಮಾತ್ರ ಏನಿಡುವುದೆಂದು ಒಂದು ಕ್ಷಣ ತಡವರಿಸಿದೆ. ಹೊಳೆ ಆಚೆಯವರು, ದೋಣಿ ಇಲ್ಲದೆ ಹೇಗೆ ಎಂದು ಒಂದು ದೋಣಿ ಕಟ್ಟಿಬಿಟ್ಟೆ.

"ದೋಣಿಯಾ? ಇಗರ್ಜಿಯ ಮಾಡಿನಲ್ಲಿ?"

"ಮಾಡಿನಿಂದ ನೇತಾಡ್ತಾ ಉಂಟು. ನಿಜದ್ದೇ. ಹುಟ್ಟು ಸಹ ಉಂಟು."

"ಬಣ್ಣ?"

"ಹಸಿರು."

"ಹಸಿರು" ಎಂದು ಅವರೂ ಹೇಳಿದರು, ಪಾಠ ಒಪ್ಪಿಸುವ ಮಕ್ಕಳ ಹಾಗೆ. ಮನೆಗೆ ಬಂದು ಇಳಿಯುವಾಗ, "ಏಳು ಆಯಿತು ಅಲ್ಲವಾ ಮಾಧವ?" ಎಂದು ಕೇಳಿದರು. ಆಯಿತು ಎಂದೆ. ಆ ವಾರವಿಡೀ ಅದು ನನಗೆ ಸ್ವಲ್ಪ ಚುಚ್ಚುತ್ತಿತ್ತು. ಹೆಚ್ಚಲ್ಲ. ಹೊಸ ಚಪ್ಪಲಿ ಕಚ್ಚಿದಷ್ಟು.

ಮೊಂತಿಯ ದಿನ ಅವರ ಮನೆಯಲ್ಲಿ ನನಗೆ ಊಟ. ಹೊರಗಿನವರನ್ನು ಅವರು ಆ ದಿನ ಕರೆಯುವುದು ಕಡಿಮೆ. ಆದರೆ ನಮ್ಮ ಕಡೆ ಗದ್ದೆ ಬೇಸಾಯ ಉಳಿದದ್ದು ಎರಡೇ ಮನೆಯಲ್ಲಿ, ಅದರಲ್ಲಿ ಒಂದು ನನ್ನದು. ಇಗರ್ಜಿಯಲ್ಲಿ ಆಶೀರ್ವಾದ ಆಗುವ ತೆನೆ ನನ್ನ ಗದ್ದೆಯದ್ದು. ಮರಿಯಮ್ಮನಿಗೆ ತೆನೆ ಕೊಡುವ ನನಗೆ ಒಂದು ಎಲೆ ಹಾಕದಿದ್ದರೆ ಹೇಗೆ? ಆ ದಿನ ಮೀನು ಮಾಂಸ ಇಲ್ಲ. ತರಕಾರಿ ಪದಾರ್ಥ, ಅದೂ ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲಿಯೇ ಆಗಬೇಕು. ಈ ಸಲ ಏಳು ಎಂದು ಬಾಯಿ ಹೇಳಿದ್ದರಂತೆ. ಬಡಿಸುವುದೂ ತಾನೇ ಎಂದು ಹಟ ಹಿಡಿದಿದ್ದರು. ಎಲೆಯ ಅಂಚನ್ನು ಎಡಗೈಯಿಂದ ತಡವಿಕೊಂಡು ಬಲಗೈಯಿಂದ ಬಡಿಸುವುದು. ಅವರ ಹಿಂದೆ ಪಾತ್ರೆ ಹಿಡಿದುಕೊಂಡು ಲಿಗೋರಿಯ ಹೆಂಡತಿ.

ಹಾಲಿನಲ್ಲಿ ಬೆರೆಸಿದ ಹೊಸ ಅಕ್ಕಿ ಬಾಯಿಗೆ ಹಾಕಿಕೊಂಡದ್ದೇ ಲಿಗೋರಿ ಶುರು ಮಾಡಿದ.

"ಎಂತ ಬಾಯಿ, ಮಾಧವಣ್ಣ ನಿನಗೆ ಏಳೂ ತೋರಿಸಿದನಂತೆ. ಏಳನೆಯದರಲ್ಲಿ ಎಂತ ಕಂಡೆ, ಹೇಳು ನೋಡುವ."

ನನ್ನ ಕೈಯ ತುತ್ತು ಎಲೆಯಲ್ಲೇ ಉಳಿಯಿತು. ಈ ಮನುಷ್ಯ ಎಪ್ರಿಲಿನಲ್ಲಿ ಅಲ್ಲಿಗೆ ಹೋಗಿ ಬಂದವ. ಬಾಯಿ ಈಗ ನನ್ನ ಸುಳ್ಳನ್ನೆಲ್ಲ ಹೇಳುತ್ತಾರೆ, ಇವನು ಅದೆಲ್ಲ ಇಲ್ಲವೇ ಇಲ್ಲ ಎನ್ನುತ್ತಾನೆ, ಮೂರು ತಿಂಗಳು ಮಳೆಯಲ್ಲಿ ಸುತ್ತಿದ್ದು ಒಂದೇ ಮಾತಿಗೆ ಹೋಗುತ್ತದೆ. ಎದ್ದು ಓಡುವ ಎಂದರೆ ಪಂಕ್ತಿಯ ನಡುವೆ ಕೂತಿದ್ದೆ.

ಬಾಯಿ ಸೌಟು ಹಿಡಿದುಕೊಂಡೇ ನಿಂತು ನಿಧಾನವಾಗಿ ಹೇಳಿದರು. ಗೋಡೆಯಲ್ಲಿ ಕಡಲಿನ ಚಿತ್ರ. ಹದಿನಾಲ್ಕು ಮೆಟ್ಟಿಲಿನ ಮಂಟಪ. ಮಾಡಿನಿಂದ ನೇತಾಡುವ ಒಂದು ಹಸಿರು ದೋಣಿ. "ನೀನು ಬಂದು ಒಂದು ತಿಂಗಳು ಅದರ ಮಾತಾಡಿದರೂ ದೋಣಿಯ ವಿಷಯ ಹೇಳಲೇ ಇಲ್ಲ ಲಿಗೋರಿ. ನೆನಪುಂಟಾ?"

"ನೆನಪಿಲ್ಲದೆ ಮತ್ತೆ" ಎಂದ ಲಿಗೋರಿ. "ದೊಡ್ಡ ದೋಣಿ. ನಾವೆಲ್ಲ ಅದನ್ನೇ ನೋಡಿ ನಿಂತದ್ದು. ಪರವಾಗಿಲ್ಲ, ನಿನಗೂ ಕಂಡಿದೆ ಹಾಗಾದ್ರೆ."

ನನಗೆ ಉಸಿರು ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಆ ದೋಣಿ ನಾನು ಕಟ್ಟಿದ್ದು. ಅದನ್ನು ಇವನು ಎಪ್ರಿಲಿನಲ್ಲಿ ಹೇಗೆ ನೋಡಿದ? ಅಂದರೆ ಇವನೂ ಅಲ್ಲಿಗೆ ಹೋಗಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಇವನನ್ನು ಹೇಗೆಲ್ಲ ಹುರಿಯಬಹುದೆಂದು ನಾನು ಮನಸ್ಸಿನಲ್ಲಿಯೇ ಎಣ್ಣೆ ಕಾಯಿಸತೊಡಗಿದೆ.

ಬಾಯಿ ಬಡಿಸುತ್ತ ಬಂದರು. ನನ್ನ ಎಲೆಯ ಹತ್ತಿರ ಬಂದಾಗ ಒಂದೊಂದನ್ನೂ ಎಣಿಸಿದರು. "ಒಂದು, ಬೆಂಡೆ. ಎರಡು, ಅಲಸಂಡೆ. ಮೂರು, ಹೀರೆ. ನಾಲ್ಕು, ತೊಂಡೆಕಾಯಿ. ಐದು, ಹರಿವೆ. ಆರು, ಕೆಸು." ಮತ್ತೆ ಏಳನೆಯದನ್ನು ಬದಿಗಿಟ್ಟು, ಲಿಗೋರಿಯ ಹೆಂಡತಿಯ ಕೈಯಿಂದ ನಾಲ್ಕನೆಯ ಪಾತ್ರೆಯನ್ನೇ ಪುನಃ ತೆಗೆದುಕೊಂಡು, ಎಲೆಯ ಇನ್ನೊಂದು ತುದಿಗೆ ಒಂದು ಸೌಟು ಹಾಕಿದರು. "ಏಳು."

"ಬಾಯಿ, ಇದು ತೊಂಡೆಕಾಯಿಯೇ ಅಲ್ಲವಾ? ಆಗ ಹಾಕಿದ್ದೀರಿ."

"ಅಲ್ಲ ಮಾಧವ. ಅದು ಬೇರೆ, ಇದು ಬೇರೆ." ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಇದು ಹೊಳೆ ಆಚೆಯದ್ದು."

ನಾನು ಎಲೆ ನೋಡಿದೆ. ನಾಲ್ಕನೆಯದು ತೊಂಡೆಕಾಯಿ, ಏಳನೆಯದೂ ಅದೇ ತೊಂಡೆಕಾಯಿ.

"ಸಾಹುಕಾರ ಇನ್ನೂ ಎದ್ದಿಲ್ಲ" ಎಂದು ನನ್ನ ಕಿವಿಯ ಹತ್ತಿರ ಬಗ್ಗಿ ಸಣ್ಣ ಸ್ವರದಲ್ಲಿ ಹೇಳಿದರು. "ಮೂಲೆ ಒಡೆದದ್ದೂ ಹಾಗೇ ಉಂಟು. ನೀನು ಚಪ್ಪಲಿ ಬಿಡಿಸದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ ಮಾರಾಯ."

ನಾನು ಏಳನೆಯ ತೊಂಡೆಕಾಯಿಯನ್ನೇ ಮೊದಲು ತಿಂದು ಮುಗಿಸಿದೆ.

ಲಿಗೋರಿ, "ಎಂತ ಗುಟ್ಟು?" ಎಂದು ನಗುತ್ತ ಕೇಳಿದ. ಬಾಯಿ ಅವನ ಎಲೆಗೆ ಹೋದರು. ಆರು ಬಡಿಸಿದರು. ಏಳನೆಯ ಜಾಗ ಖಾಲಿ ಬಿಟ್ಟು ಮುಂದಕ್ಕೆ ಸರಿದರು.

"ನನಗೆ ಏಳನೆಯದು?"

"ನಿನ್ನದು ಬೇಕಲದ ಕಡಲ ಬದಿಯಲ್ಲಿ ಆಗಿದೆ ಅಲ್ಲವಾ ಲಿಗೋರಿ. ಏಳು ಇಗರ್ಜಿಯಲ್ಲಿ ಒಂದಾದರೂ ಕಡಲ ಬದಿಯದ್ದು ಉಂಟಾ? ಮತ್ತೆ ಟೂರಿಂದ ಬಂದ ನಿನ್ನ ಪ್ಯಾಂಟಿನ ಮಡಿಕೆಯಲ್ಲಿ ಕಡಲಿನ ಹೊಯ್ಗೆ ಎಲ್ಲಿಂದ? ಹೊಳೆ ದಾಟಿದವರು ಇಳಿಯುವ ಕಡಲು ಬೇಕಲದ್ದೇ. ನಲವತ್ತು ವರ್ಷ ಬಟ್ಟೆ ಮುಟ್ಟಿದವಳು ನಾನು. ಒಗೆಯಲಿಕ್ಕೆ ಹಾಕುವಾಗ ಕೈಗೆ ಸಿಕ್ಕಿತು. ಎಪ್ರಿಲಿನಲ್ಲಿಯೇ."

ಲಿಗೋರಿಯ ಹೆಂಡತಿ ಪಾತ್ರೆ ನೆಲಕ್ಕಿಟ್ಟು ಸೆರಗನ್ನು ತನ್ನ ಬಾಯಿಗೆ ಒತ್ತಿಕೊಂಡಳು. ಆಮೇಲೆ ಎಲ್ಲ ಹೊರಗೆ ಬಿತ್ತು. ಬಸ್ಸಿನವರು ಹೊಳೆ ದಾಟಿದ ಮೇಲೆ ಮೊದಲು ಬೇಕಲ ಕೋಟೆಗೆ ಹೋದರಂತೆ, ಅಲ್ಲಿ ಮಕ್ಕಳು ನೀರಿಗಿಳಿದರಂತೆ, ಐಸ್‌ಕ್ರೀಮು ತಿಂದರಂತೆ, ಹೊತ್ತಾಯಿತಂತೆ. ಏಳು ಎಂದು ಹೇಳಿ ಹೋದದ್ದರಿಂದ ಏಳು ಎಂದೇ ಹೇಳುವ ಎಂದು ಬಸ್ಸಿನಲ್ಲೇ ಮಾತಾಗಿತ್ತಂತೆ. "ಪೊರ್ಬುಗಳೇ, ದೊಡ್ಡ ದೋಣಿ ಅಲ್ಲವಾ?" ಎಂದೆ ನಾನು. ಲಿಗೋರಿ ಹರಿವೆ ಸೊಪ್ಪಿನಲ್ಲಿ ತಲೆ ತಗ್ಗಿಸಿದವನು ಪಾಯಸ ಬರುವವರೆಗೆ ಎತ್ತಲಿಲ್ಲ. ನಂತರ, "ನಿನಗೊಂದು ಸೀಟು ಕೊಡಬೇಕಿತ್ತು ಬಾಯಿ" ಎಂದ. ಅದಕ್ಕೆ ಅವರು, "ಬೇಡ. ನಿಮ್ಮ ಒಟ್ಟಿಗೆ ಬಂದಿದ್ದರೆ ನನಗೂ ಆರೇ ಆಗ್ತಿತ್ತು" ಎಂದರು.

ಹೊರಡುವಾಗ ಗೇಟಿನವರೆಗೆ ಬಂದ ಅವರಿಗೆ ನಾನು ಹೇಳಿದೆ, "ಬರುವ ಬುಧವಾರ ಹೋಗುವ ಬಾಯಿ. ನಿಜದ್ದಕ್ಕೆ."

ಅವರು ಗೇಟಿನ ಚಿಲಕ ತಡವಿದರು. "ಬೇಡ ಮಾಧವ. ಇನ್ನು ಹೋದರೆ ನನಗೆ ಕಾಣುವುದು ಕತ್ತಲೆ. ಈಗ ಆದರೆ ಗೋಡೆಯಲ್ಲಿ ಕಡಲು ಉಂಟು, ಮಾಡಿನಲ್ಲಿ ದೋಣಿ ಉಂಟು. ಅಲ್ಲಿಗೆ ಹೋಗಿ ದೋಣಿ ಇಲ್ಲ ಅಂತ ಆದರೆ ಎಂತ ಮಾಡುವುದು?"

ಕ್ರಿಸ್ಮಸ್ಸಿನ ಹೊತ್ತಿಗೆ ಬೆಳಕು ನೆರಳಿನ ವ್ಯತ್ಯಾಸವೂ ಹೋಯಿತು. ಅದರ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ, ನಾನೂ ಮಾತಾಡುವುದಿಲ್ಲ. ನನ್ನ ಜೀಪು ಹೋಯಿತು, ಆ ದಾರಿಗೆ ಬಸ್ಸು ಹೆಚ್ಚಾಯಿತು. ನಾನು ಹೊಳೆ ಆಚೆಯ ಇಗರ್ಜಿಗೆ ಒಬ್ಬನೇ ಹೋಗಿ ನೋಡಬಹುದಿತ್ತು. ಹನ್ನೆರಡು ವರ್ಷ ಹೋಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ಮೊನ್ನೆ ಮದುವೆಯ ದಿನ ಮಾಡು ನೋಡುತ್ತ ನಿಂತ ನನ್ನ ಹತ್ತಿರ ಅಲ್ಲಿಯ ಗಂಟೆ ಹೊಡೆಯುವವನು ಬಂದ. ನಿಜವಾದವನು. ಎಂತ ನೋಡುತ್ತೀರಿ ಎಂದು ಮಲಯಾಳದಲ್ಲಿ ಕೇಳಿದ. ಸುಣ್ಣ ಬಳಿದ ಗೋಡೆ, ನಾಲ್ಕೇ ಮೆಟ್ಟಿಲಿನ ಮಂಟಪ, ಮಾಡಿನಲ್ಲಿ ಎರಡು ಫ್ಯಾನು. ಮೊದಲು ಇಲ್ಲಿ ಒಂದು ದೋಣಿ ನೇತಾಡುತ್ತಿತ್ತಲ್ಲ, ಎಲ್ಲಿ ಹೋಯಿತು ಎಂದೆ. ಅವನು ನನ್ನ ಜತೆ ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದ. ಮತ್ತೆ, ಹೌದು, ಹಿಂದೆ ಇತ್ತಂತೆ, ಹಳಬರು ಹೇಳುವುದನ್ನು ಕೇಳಿದ್ದೇನೆ ಎಂದ. ಆ ಮಾತಿಗೆ ನನಗೆ ಮದುವೆಯ ಊಟಕ್ಕಿಂತ ಹೆಚ್ಚು ಹೊಟ್ಟೆ ತುಂಬಿತು.

ಊರಿಗೆ ಬಂದವನು ನೇರ ಅವರ ಮನೆಗೆ ಹೋದೆ. ಬಾಯಿಗೆ ಈಗ ಎಂಬತ್ತು. ಚಾವಡಿಯಲ್ಲಿ, ಹೊಲಿಗೆ ಮಿಷನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನನ್ನ ಹೆಜ್ಜೆ ಕೇಳಿಯೇ ಗುರುತು ಹಿಡಿದರು.

"ಹೊಳೆ ಆಚೆಗೆ ಹೋಗಿದ್ದೆ ಬಾಯಿ. ಏಳನೆಯದ್ದಕ್ಕೆ."

ಅವರ ಕೈ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

"ದೋಣಿ ಉಂಟಾ?"

"ಉಂಟು."

"ಬಣ್ಣ?"

"ನೀಲಿ."

ಮಳೆ ಹಂಚಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು.

"ಹೋದ ಸಲ ಹಸಿರು ಇತ್ತು" ಎಂದರು.

"ಪೇಂಟ್ ಹೊಡೆದಿದ್ದಾರೆ ಬಾಯಿ."